ಸ್ವಲ್ಪ ಹಿಂದಕ್ಕೆ ಹೋಗೋಣ

ನಮ್ಮ ಅಜ್ಜಿ ಸಿನಿಮಾ ಟಾಕೀಸಿನ ಮುಂದೆ ಹಾದುಹೋಗುವಾಗ ಆ ಕಡೆಯ ಕಣ್ಣಿಗೆ ಸೆರಗನ್ನು ಅಡ್ಡ ಹಿಡಿಯುತ್ತಿದ್ದರು. ಚಾಮರಾಜಪೇಟೆಯ ನಮ್ಮ ಮನೆಯಿಂದ ಮೆಜೆಸ್ಟಿಕ್‌ಗೆ ಹೊರಟರೆ ಆಗ ಎಲ್ಲಿ ನೋಡಿದರೂ ಟಾಕೀಸುಗಳೇ. ಪಾಪ, ಅವರ ಸೆರಗಿಗೆ ಬಿಡುವೇ ಇರುತ್ತಿರಲಿಲ್ಲ. "ಕರ್ತ ಯೇಸು ಆಕಾಶದಿಂದ ಇಳಿದು ಬರೋ ಹೊತ್ತಿಗೆ ನೀವು ಟಾಕೀಸ್ ಒಳಗೆ ಕೂತಿದ್ರೆ ಏನ್ ಮಾಡ್ತೀರಿ?" ಎಂದು ನನ್ನನ್ನೂ ನನ್ನ ತಂಗಿಯನ್ನೂ ಕೇಳುತ್ತಿದ್ದರು. ಕಾಲೇಜಿನಲ್ಲಿದ್ದಾಗ ಒಮ್ಮೆ ಗೆಳತಿಯರ ಜೊತೆ ಕದ್ದು ಮ್ಯಾಟಿನಿಗೆ ಹೋದೆ. ತೆರೆಯ ಮೇಲೆ ಹೀರೋ ಕೈ ಚಾಚಿ ಹಾಡುತ್ತಿದ್ದರೆ ನಾನು ಕತ್ತೆತ್ತಿ ಛಾವಣಿ ನೋಡುತ್ತಿದ್ದೆ. ಅದು ತೆರೆದುಕೊಳ್ಳಲಿಲ್ಲ. ಇಂಟರ್ವಲ್‌ನಲ್ಲಿ ಕಡಲೆಕಾಯಿ ತಿಂದು, ಸಿನಿಮಾ ಮುಗಿಸಿ, ಏನೂ ಆಗದವಳಂತೆ ಮನೆಗೆ ಬಂದೆ. ಆದರೂ ಇವತ್ತಿಗೂ ಕತ್ತಲೆ ಮಾಡಿದ ಯಾವುದೇ ಹಾಲಿನಲ್ಲಿ ಕೂತರೂ ಮೊದಲು ಮೇಲಕ್ಕೆ ನೋಡುತ್ತೇನೆ.

ಅಂಥ ಮನೆಯ ಹುಡುಗಿಗೆ ಸಿಕ್ಕ ಕೆಲಸ ನೋಡಿ. ತೆರಿಗೆ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ, ಅಲ್ಲಿಂದ ಸಾಹೇಬರು ನನ್ನನ್ನು ಆಗಾಗ ಗಾಂಧಿನಗರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸಿನಿಮಾ ಹಂಚಿಕೆದಾರರ ಆಫೀಸುಗಳಿಗೆ ಇಲಾಖೆಯವರು ಹಠಾತ್ತಾಗಿ ನುಗ್ಗುವ ದಿನಗಳಲ್ಲಿ, ಅಲ್ಲಿರುವ ಹೆಂಗಸರ ಚೀಲ ನೋಡಲು ಒಬ್ಬ ಹೆಂಗಸು ಬೇಕಾಗುತ್ತಿತ್ತು. ಆ ಹೆಂಗಸು ನಾನು. ರೀಲಿನ ಡಬ್ಬಗಳ ನಡುವೆ, ಗೋಡೆ ತುಂಬ ಇದ್ದ ಪೋಸ್ಟರುಗಳ ನಾಯಕಿಯರು ನೋಡುತ್ತಿರುವಾಗ, ಯಾರದೋ ಟೈಪಿಸ್ಟ್ ಹುಡುಗಿಯ ಕೈಚೀಲ ಬಿಚ್ಚಿ ಅದರ ಬಾಚಣಿಗೆ, ಮಾತ್ರೆ, ಬಸ್ ಪಾಸು ಎಲ್ಲ ಮೇಜಿನ ಮೇಲೆ ಇಡುತ್ತಿದ್ದೆ. ಈ ಕೆಲಸಕ್ಕೆ ಕಚೇರಿಯ ಕನ್ನಡದಲ್ಲಿ ಶೋಧನೆ ಎನ್ನುತ್ತಿದ್ದರು.

ಇದೇ ಮಾತು ನಮ್ಮ ಚರ್ಚಿನ ಕನ್ನಡದಲ್ಲಿ ಬೇರೆ. ನಮ್ಮಲ್ಲಿ ಶೋಧನೆ ಎಂದರೆ ಮನಸ್ಸನ್ನು ಪಾಪದ ಕಡೆಗೆ ಎಳೆಯುವ ಸೆಳೆತ. ಅದರೊಳಗೆ ನಮ್ಮನ್ನು ಬೀಳಿಸಬೇಡ ಎಂದು ದಿನವೂ ಬೇಡಿಕೊಳ್ಳುತ್ತೇವೆ. ಹೀಗಾಗಿ ಇಲಾಖೆ ಜೀಪು ಹತ್ತುವ ಮುಂಚೆ ಬೆಳಗಿನ ಪ್ರಾರ್ಥನೆಯಲ್ಲಿ ಯಾವುದರಿಂದ ಪಾರುಮಾಡು ಎಂದು ಬೇಡಿದ್ದೆನೋ ಹನ್ನೊಂದಕ್ಕೆ ಅದನ್ನೇ ಸಂಬಳಕ್ಕೆ ಮಾಡುತ್ತಿದ್ದೆ. ಮನೆಯಲ್ಲಿ ಹೇಳಿದರೆ ಅಜ್ಜಿ ನಗುತ್ತಿರಲಿಲ್ಲ. ತಂಗಿಗೆ ಮಾತ್ರ ಹೊಟ್ಟೆ ಹುಣ್ಣಾಗುವಷ್ಟು ನಗು.

ನಾನು ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೂ ಚಾಮರಾಜಪೇಟೆಯ ಅದೇ ಮನೆಯಲ್ಲಿದ್ದೇನೆ. ತಂಗಿ ಮದುವೆಯಾಗಿ ಮಲ್ಲೇಶ್ವರಕ್ಕೆ ಹೋದಳು, ಗಂಡನನ್ನು ಬೇಗ ಕಳೆದುಕೊಂಡಳು, ಒಬ್ಬಳೇ ಮಗಳನ್ನು ಬೆಳೆಸಿದಳು. ಆ ಮಗಳು ನನಗೂ ಮಗಳೇ. ಬಾಯಿ ಜೋರು, ನಗು ಅದಕ್ಕಿಂತ ಜೋರು, ಶೇಷಾದ್ರಿಪುರದ ಒಂದು ಆಫೀಸಿನಲ್ಲಿ ಕೆಲಸ. ಭಾನುವಾರ ಅಮ್ಮ ಮಗಳು ಇಬ್ಬರೂ ನಮ್ಮ ಕಡೆಯ ಚರ್ಚಿಗೇ ಬರುತ್ತಿದ್ದರು.

ಎರಡು ವರ್ಷದ ಕೆಳಗೆ ಚರ್ಚ್ ಹಾಲಿನಲ್ಲಿ ಸಿನಿಮಾ ತೋರಿಸುವ ಸಂಜೆಗಳು ಶುರುವಾದವು. ಅಜ್ಜಿ ಇದ್ದಿದ್ದರೆ ಸೆರಗಿನ ಜೊತೆ ಒಂದು ಕಂಬಳಿಯನ್ನೂ ತಂದುಕೊಳ್ಳುತ್ತಿದ್ದರು. ಶುರುಮಾಡಿದಾತ ನಮ್ಮ ಸಭೆಗೆ ಹೊಸದಾಗಿ ಸೇರಿದ ಮೂವತ್ತರ ಆಸುಪಾಸಿನ ಯುವಕ. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ದನಿ, ಹಿರಿಯರು ಬಂದರೆ ತಾನೇ ಎದ್ದು ಕುರ್ಚಿ ಹಾಕುವ ನಡತೆ. ಸಿನಿಮಾ ನೋಡುವುದು ಪಾಪವಲ್ಲ, ಕಣ್ಣು ಮುಚ್ಚಿಕೊಂಡು ನೋಡುವುದು ಪಾಪ ಎಂದು ಆತ ಮೊದಲ ದಿನ ಹೇಳಿದಾಗ ನಾನು ಜೋರಾಗಿ ಹೂಂಗುಟ್ಟಿದೆ. ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರು 'ಶೋಧನೆಯ ಸಂಜೆ'. ಸಿನಿಮಾ ನಮ್ಮನ್ನು ಶೋಧನೆಗೆ ಒಡ್ಡುತ್ತದೆ, ನಾವು ದೇವರ ವಾಕ್ಯದ ಬೆಳಕಿನಲ್ಲಿ ಅದರ ಶೋಧನೆ ಮಾಡೋಣ ಎಂದು ವಿವರಿಸಿದ. ಎರಡು ಅರ್ಥವೂ ಗೊತ್ತಿರುವ ಹುಡುಗ ಸಿಕ್ಕನಲ್ಲ ಎಂದು ನನಗೆ ಖುಷಿಯಾಯಿತು.

ಆತನ ಕೆಲಸದ ರೀತಿ ಹೀಗಿತ್ತು. ಭಾನುವಾರ ಕೀರ್ತನೆಯ ಸಾಲು ಮೂಡುವ ಬಿಳಿ ತೆರೆಯ ಮೇಲೆ ಶನಿವಾರ ಸಂಜೆ ಸಿನಿಮಾ ಮೂಡುತ್ತಿತ್ತು. ಕೈಯಲ್ಲಿ ರಿಮೋಟು ಹಿಡಿದು ಆತ ಪಕ್ಕದಲ್ಲಿ ನಿಲ್ಲುತ್ತಿದ್ದ. ಬೇಕಾದ ಕಡೆ ಚಿತ್ರವನ್ನು ನಿಲ್ಲಿಸಿ ಅರ್ಥ ಹೇಳುತ್ತಿದ್ದ. ಒಂದು ಸಿನಿಮಾದಲ್ಲಿ ಲಾರಿ ಡ್ರೈವರೊಬ್ಬ ಗುರುತೇ ಇಲ್ಲದವನಿಗೆ ಬುತ್ತಿ ಬಿಚ್ಚಿ ಕೊಡುತ್ತಾನೆ. "ಈ ಕೈ ನೋಡಿ. ರೊಟ್ಟಿ ಮುರೀತಿರೋ ಕೈ. ನಾವು ಚರ್ಚಲ್ಲಿ ನೋಡೋ ಕೈ ಇದೇ ಅಲ್ವಾ?" ಎಂದ. ನಾನು ತೊಡೆಯ ಮೇಲಿದ್ದ ನನ್ನ ಕೈ ನೋಡಿಕೊಂಡೆ. ಗೋಡೆಯ ಲಾಟೀನಿಗೆ, ತೆರೆದ ಕಿಟಕಿಗೆ, ಒಲೆಯ ಬೂದಿಗೆ ಕೂಡ ಆತನಲ್ಲಿ ಅರ್ಥ ಇರುತ್ತಿತ್ತು. ಚೆನ್ನಾಗಿ ಮಾತಾಡುತ್ತಿದ್ದ, ಇಲ್ಲವೆನ್ನಲಾರೆ.

ನನ್ನ ತಂಗಿ ಆ ಮಾತಿಗೆ ಪೂರ್ತಿ ಸೋತಳು. ಮಗಳೂ ಸೋತಳು. ಆರು ತಿಂಗಳಾಗುವಷ್ಟರಲ್ಲಿ ಎರಡೂ ಮನೆಯವರು ಸೇರಿ ಆತನಿಗೂ ಅವಳಿಗೂ ಮದುವೆಯ ಮಾತು ಮುಗಿಸಿ, ಕುಮಾರ ಪಾರ್ಕಿನ ಸಂಬಂಧಿಕರ ಮನೆಯಲ್ಲಿ ಉಂಗುರವನ್ನೂ ಬದಲಾಯಿಸಿಯಾಯಿತು.

ಅದಾದ ಮೇಲೆ ನಾನು ಆ ರಿಮೋಟನ್ನು ಗಮನಿಸಿದೆ. ಗಂಡಸು ತಪ್ಪು ಮಾಡಿದ ಕಥೆಯಾದರೆ ಆತ ಸಿನಿಮಾವನ್ನು ಮುಂದಕ್ಕೆ ಓಡಿಸುತ್ತಿದ್ದ, ಅವನು ಅತ್ತು ತಿರುಗಿಕೊಳ್ಳುವ ದೃಶ್ಯದ ತನಕ. ಹೆಂಗಸಿಗೆ ಕೇಡಾದ ಕಥೆಯಾದರೆ ಮಾತ್ರ ರಿಮೋಟು ಹಿಂದಕ್ಕೆ ಹೋಗುತ್ತಿತ್ತು. "ಸ್ವಲ್ಪ ಹಿಂದಕ್ಕೆ ಹೋಗೋಣ," ಎನ್ನುತ್ತಿದ್ದ, ಮೆತ್ತಗೆ, ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ. "ಇವಳು ತಪ್ಪಿದ್ದು ಇಲ್ಲಿ ಅಲ್ಲ. ಇನ್ನೂ ಮುಂಚೆ." ತೆರೆಯ ಮೇಲಿನ ಹೆಂಗಸು ಅಳುತ್ತಿದ್ದವಳು ಕಣ್ಣೀರನ್ನು ಒಳಕ್ಕೆ ಎಳೆದುಕೊಂಡು, ಹಿಮ್ಮುಖವಾಗಿ ಓಡಿ, ಮೆಟ್ಟಿಲು ಹತ್ತಿ ಹಿಂದಕ್ಕೆ ಹೋಗುತ್ತಿದ್ದಳು. ಎಲ್ಲೋ ಒಂದು ಕಡೆ ಅವಳು ನಕ್ಕಿರುತ್ತಿದ್ದಳು, ಇಲ್ಲವೇ ಬಾಗಿಲಿಗೆ ಚಿಲಕ ಹಾಕದೆ ಬಂದಿರುತ್ತಿದ್ದಳು. ಅಲ್ಲಿಗೆ ಬಂದಾಗ ಆತನಿಗೆ ಸಮಾಧಾನ. ನಮ್ಮ ಹಿರಿಯರು ತಲೆದೂಗುತ್ತಿದ್ದರು. ನಾನು ಮಾತ್ರ ರಿಮೋಟಿನ ಮೇಲಿದ್ದ ಆತನ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ತಂಗಿಯ ಮಗಳು ನಮ್ಮ ಮನೆಗೆ ಊಟಕ್ಕೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಫೋನನ್ನು ತೆರೆ ಮೇಲಾಗಿ, ಲಾಕ್ ತೆಗೆದು, ಊಟದ ಮೇಜಿನ ಮೇಲಿಟ್ಟಳು. ಕೈಚೀಲದ ಜಿಪ್ ಎಳೆದು, ಬಾಯಿ ತೆರೆದು, ಅದರ ಪಕ್ಕ ಇಟ್ಟಳು. ಆಮೇಲೆ ಕೈ ತೊಳೆಯಲು ಹೋದಳು. ಸಾರಿನ ಸೌಟು ಹಿಡಿದಿದ್ದ ನಾನು ಅಲ್ಲೇ ನಿಂತೆ. ಗಾಂಧಿನಗರದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಶೋಧನೆ ಮಾಡಿಸಿಕೊಂಡ ಆಫೀಸಿಗೆ ನಾವು ಮತ್ತೆ ಹೋದರೆ, ನಾನು ಬಾಯಿ ತೆರೆಯುವ ಮುಂಚೆಯೇ ಆ ಹೆಂಗಸರು ಚೀಲ ಬಿಚ್ಚಿ ಮುಂದಿಡುತ್ತಿದ್ದರು. ಮುಖದಲ್ಲಿ ಸಿಟ್ಟೂ ಇರುತ್ತಿರಲಿಲ್ಲ.

"ಏನೇ ಇದು, ಚೀಲ ಹಿಂಗೆ ತೆಗೆದಿಟ್ಟಿದೀಯ?" ಎಂದೆ.

"ಓ," ಎಂದು ನಕ್ಕಳು. "ಅಭ್ಯಾಸ ಆಗ್ಬಿಟ್ಟಿದೆ ದೊಡ್ಡಮ್ಮ." ಆ ನಗು ಜೋರಾಗಿರಲಿಲ್ಲ. ನಾನು ಇನ್ನೂ ಕೇಳುವ ಹೊತ್ತಿಗೆ ಫೋನು ಬಡಿದುಕೊಂಡಿತು. ಎತ್ತಿದವಳು ನನ್ನ ಮನೆ, ಅಡುಗೆ, ಬೇರೆ ಯಾರಿದ್ದಾರೆ, ಯಾವ ಬಸ್ಸಿನಲ್ಲಿ ಬಂದೆ, ಎಲ್ಲವನ್ನೂ ಒಪ್ಪಿಸಿ, ಕ್ಯಾಮೆರಾ ತಿರುಗಿಸಿ ನನ್ನನ್ನೂ ತೋರಿಸಿದಳು. ತೆರೆಯ ಮೇಲೆ ಆತ ಕೈಮುಗಿದ. "ಸ್ತೋತ್ರ ಆಂಟಿ," ಎಂದ. ನಾನೂ ಸ್ತೋತ್ರ ಎಂದೆ.

ನಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ಗೊತ್ತಾಗಿದೆ, ಯಾರದಾದರೂ ತಕರಾರು ಇದ್ದರೆ ತಿಳಿಸಬೇಕು ಎಂದು ಸಭಾಪಾಲಕರು ಓದಿ, ಉತ್ತರಕ್ಕೆ ಕಾಯದೆ ಕೀರ್ತನೆಯ ನಂಬರು ಹೇಳುತ್ತಾರೆ. ನನ್ನ ಜೀವಮಾನದಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮೊದಲ ಪ್ರಕಟಣೆಯ ದಿನ ತಂಗಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಆ ದಿನ ಆರಾಧನೆಯ ಕೊನೆಗೆ, ಪ್ರಾರ್ಥನೆಗೆ ಯಾರದಾದರೂ ವಿನಂತಿ ಇದೆಯೇ ಎಂದು ಸಭಾಪಾಲಕರು ಕೇಳಿದರು. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರ ಮೊಮ್ಮಗನಿಗೆ ಪರೀಕ್ಷೆ. ಆಮೇಲೆ ನಮ್ಮ ಹುಡುಗಿ ಎದ್ದು ನಿಂತಳು. ಪಕ್ಕದಲ್ಲೇ ಆತ ಕೂತಿದ್ದ.

"ನನಗೆ ಶೋಧನೆ ಇದೆ," ಎಂದಳು. "ದಿನಾ ಇದೆ. ನನಗೋಸ್ಕರ ಪ್ರಾರ್ಥನೆ ಮಾಡಿ."

ಸಭೆ ಮುಸಿಮುಸಿ ನಕ್ಕಿತು. ಮದುವೆ ಹತ್ತಿರ ಬಂದಿರುವ ಹುಡುಗಿಗೆ ಶೋಧನೆ ಎಂದರೆ ಇನ್ನೇನು! ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ಸಭಾಪಾಲಕರು ಕೂಡ ಗಲ್ಲ ಸವರಿಕೊಂಡು, "ಇನ್ನು ಸ್ವಲ್ಪ ದಿನ ತಾಳ್ಮೆ ಇರಲಿ ಮಗಳೇ," ಎಂದರು. ಆತ ನಾಚಿದವನ ಹಾಗೆ ತಲೆ ತಗ್ಗಿಸಿದ. ತಂಗಿಯ ಮುಖ ಕೆಂಪಾಯಿತು. ಹುಡುಗಿ ಯಾರ ಕಡೆಗೂ ನೋಡದೆ ನನ್ನ ಕಡೆ ಮಾತ್ರ ನೋಡಿದಳು. ಅಷ್ಟು ದೊಡ್ಡ ಸಭೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಕೇಳಿಸುವುದು ನನಗೊಬ್ಬಳಿಗೇ ಎಂದು ಅವಳಿಗೆ ಗೊತ್ತಿತ್ತು. ಆತನ ಮುಂದೆ ಧೈರ್ಯವಾಗಿ ಹೇಳಲು ಅವಳಿಗೆ ಸಿಕ್ಕಿದ್ದು ಆತನದೇ ಪದ.

ಆ ವಾರ ಮದುವೆಯ ಬಿಳಿ ಸೀರೆಯ ಬ್ಲೌಸ್ ಅಳತೆಗೆಂದು ಅವಳನ್ನು ಗಾಂಧಿ ಬಜಾರಿನ ದರ್ಜಿಯ ಅಂಗಡಿಗೆ ಕರೆದುಕೊಂಡು ಹೋದೆ. ಫೋನನ್ನು ನನ್ನ ಮನೆಯಲ್ಲೇ ಚಾರ್ಜಿಗೆ ಹಾಕಿ ಬಾ ಎಂದಾಗ ಅವಳು ಬೆಚ್ಚಿದಳು, ಆಮೇಲೆ ಒಪ್ಪಿದಳು. ಹೂವಿನವರ ಸಾಲು ದಾಟಿ, ಬಸವನಗುಡಿಯ ಮರಗಳಡಿ ನಡೆಯುತ್ತಾ ಎಲ್ಲ ಹೇಳಿದಳು.

"ಅವರು ಹೊಡೆಯಲ್ಲ ದೊಡ್ಡಮ್ಮ. ಬೈಯೋದೂ ಇಲ್ಲ. ದಿನಾ ಸಂಜೆ ಆಫೀಸ್ ಹತ್ರ ಬಂದು ಫೋನ್ ನೋಡ್ತಾರೆ, ಬ್ಯಾಗ್ ನೋಡ್ತಾರೆ. ಆಮೇಲೆ ಬೆಳಗ್ಗಿಂದ ಏನೇನಾಯ್ತು ಹೇಳು ಅಂತಾರೆ. ಹೇಳ್ತೀನಿ. ಯಾವುದೋ ಒಂದು ಕಡೆ ನಿಲ್ಲಿಸ್ತಾರೆ. ಸ್ವಲ್ಪ ಹಿಂದಕ್ಕೆ ಹೋಗೋಣ ಅಂತಾರೆ."

ನಾನು ನಿಂತುಬಿಟ್ಟೆ.

"ಲಿಫ್ಟಲ್ಲಿ ಯಾರೋ ಗುಡ್ ಮಾರ್ನಿಂಗ್ ಅಂದ್ರು ಅಂದ್ರೆ, ಅದಕ್ಕೂ ಮುಂಚೆ ನೀನು ಯಾಕೆ ನಕ್ಕೆ ಅಂತಾರೆ. ನಾನು ನಗ್ಲಿಲ್ಲ ಅಂದ್ರೆ ಇನ್ನೂ ಮುಂಚೆ ಹೋಗೋಣ ಅಂತಾರೆ. ಕೊನೆಗೆ ಎಲ್ಲೋ ನಾನೇ ತಪ್ಪು ಮಾಡಿರ್ತೀನಿ. ಸಿಗೋವರೆಗೂ ಬಿಡಲ್ಲ. ಸಿಕ್ಕಿದ ಮೇಲೆ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡ್ತಾರೆ. ಹೊಡೆದಿದ್ರೆ ಅಮ್ಮಂಗೆ ತೋರಿಸ್ಬಹುದಿತ್ತು. ಪ್ರಾರ್ಥನೆ ಮಾಡ್ತಾರೆ ಅಂತ ಹೆಂಗೆ ಚಾಡಿ ಹೇಳೋದು?"

ದರ್ಜಿ ಅಳತೆ ತೆಗೆಯುವಾಗ, ಸೊಂಟ ಇಳಿದುಹೋಗಿದೆಯಲ್ಲಮ್ಮ, ಊಟ ಸರಿಯಾಗಿ ಮಾಡಿ ಎಂದರು.

ಅಲ್ಲಿಂದ ನೇರವಾಗಿ ಮಲ್ಲೇಶ್ವರಕ್ಕೆ ಹೋಗಿ ತಂಗಿಗೆ ಹೇಳಿದೆ. ಅವಳು ಕರ್ಟನ್ ಮಡಿಸುತ್ತಲೇ ಇದ್ದಳು. "ನೀನು ಮದುವೆ ಆಗಿಲ್ಲ ಅಕ್ಕ, ನಿಂಗೆ ಗೊತ್ತಾಗಲ್ಲ. ಈ ಕಾಲದಲ್ಲಿ ಹೆಂಡ್ತಿಗೋಸ್ಕರ ಕೂತು ಪ್ರಾರ್ಥನೆ ಮಾಡೋ ಹುಡುಗ ಎಲ್ಲಿ ಸಿಗ್ತಾನೆ?" ಎಂದಳು. ಆ ಮೊದಲನೆಯ ವಾಕ್ಯಕ್ಕೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಸಭಾಪಾಲಕರ ಬಳಿ ಹೋದೆ. ಅವರು ಕಾಫಿ ಕೊಟ್ಟರು. "ಶೋಧನೆ ಎಲ್ಲರಿಗೂ ಇರುತ್ತಮ್ಮ," ಎಂದರು. ನಾನು ಹೇಳಿದ್ದು ಬೇರೆ ಶೋಧನೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಚರ್ಚಿನ ಶೋಧನೆಯೇ ಬೀಳುತ್ತಿತ್ತು. ಎರಡನೆಯ ಭಾನುವಾರದ ಪ್ರಕಟಣೆಯೂ ಆಯಿತು. ಇನ್ನು ಉಳಿದಿದ್ದು ಒಂದು. ಅದಾದರೆ ಹುಡುಗಿ ಆ ಮನೆಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ಒಳಗೆ ದಿನವೂ ಒಬ್ಬ ಮನುಷ್ಯ ಅವಳ ದಿನವನ್ನು ಹಿಂದಕ್ಕೆ ಓಡಿಸುತ್ತಾ ಕೂರುತ್ತಾನೆ.

ಮೂರನೆಯ ಪ್ರಕಟಣೆಯ ಹಿಂದಿನ ದಿನ ಶನಿವಾರ. ಸಂಜೆ ಹಾಲಿಗೆ ಹೋದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ದೀಪ ಆರಿಸಿದರು. ನಾನು ಛಾವಣಿಯ ಕಡೆಗೊಮ್ಮೆ ನೋಡಿದೆ. ಅವತ್ತಿನದು ಹಳೆಯ ಕಪ್ಪು ಬಿಳುಪು ಸಿನಿಮಾ. ಮೇಷ್ಟರ ಹೆಂಡತಿ ಕೊನೆಯಲ್ಲಿ ಟ್ರಂಕು ಹಿಡಿದು ಹೊಸಿಲು ದಾಟುತ್ತಾಳೆ. ಹೊಸಿಲ ಮೇಲೆ ಅವಳ ಕಾಲು ಇದ್ದಾಗ ಆತ ಚಿತ್ರ ನಿಲ್ಲಿಸಿದ.

"ಇವಳು ಬಿದ್ದಿದ್ದು ಈ ಹೊಸಿಲಲ್ಲಿ ಅನ್ಕೊಂಡ್ರಾ? ಇಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ."

ಮೇಷ್ಟರ ಹೆಂಡತಿ ಹಿಮ್ಮುಖವಾಗಿ ಮನೆಯೊಳಗೆ ಹೋದಳು. ಟ್ರಂಕಿನಿಂದ ಸೀರೆಗಳು ಹಾರಿ ಹಗ್ಗದ ಮೇಲೆ ಕೂತವು. ಇನ್ನೂ ಹಿಂದೆ, ಕಿಟಕಿಯ ಬಳಿ ಹಾಲಿನವನ ಮಾತಿಗೆ ಅವಳು ನಗುತ್ತಿದ್ದಳು. ಆತ ನಿಲ್ಲಿಸಿದ. "ಈ ನಗು," ಎಂದ.

"ಅವಳ ಹಿಂದೆ ಕನ್ನಡಿ ಇದೆಯಲ್ಲಪ್ಪ, ಅದರಲ್ಲಿ ಗಂಡ ಏನ್ ಮಾಡ್ತಿದಾನೆ?" ಎಂದು ನಾನು ಕೂತಲ್ಲಿಂದಲೇ ಕೇಳಿದೆ.

ಎಲ್ಲರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮುಂದಿನ ಸಾಲಿನ ಅಜ್ಜ ಒಬ್ಬರು ಕನ್ನಡಕ ಏರಿಸಿ, "ಅವಳ ಟ್ರಂಕ್ ತೆಗೆದು ಹುಡುಕ್ತಿದಾನೆ," ಎಂದರು.

"ಅದು ಸುಮ್ನೆ ಹಿನ್ನೆಲೆಗೆ ಇಟ್ಟಿರೋದು ಆಂಟಿ. ಮುಖ್ಯ ಅಲ್ಲ."

"ಲಾಟೀನಿಗೂ ಅರ್ಥ ಹೇಳಿದವರು ನೀವು. ಬೂದಿಗೂ ಹೇಳಿದ್ರಿ. ಇದೊಂದು ಮಾತ್ರ ಸುಮ್ನೆ ಹೆಂಗಾಯ್ತು?"

ಯಾರೋ ನಕ್ಕರು. ಆತ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನನ್ನನ್ನು ನೋಡುತ್ತಲೇ, ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಹುಡುಗಿಯ ಕಡೆಗೆ ಅಂಗೈ ಚಾಚಿದ. "ಫೋನ್," ಎಂದ, ಅದೇ ಮೆತ್ತಗಿನ ದನಿಯಲ್ಲಿ. ದೊಡ್ಡಮ್ಮ ಇದನ್ನೆಲ್ಲ ಎಲ್ಲಿಂದ ಕಲಿತಳು ಎಂದು ಆತನಿಗೆ ಹಿಂದಕ್ಕೆ ಹೋಗಿ ನೋಡಬೇಕಿತ್ತಲ್ಲ. ಆತ ಮಾತು ಮುಗಿಸುವ ಮುಂಚೆಯೇ ಅವಳ ಕೈ ಫೋನು ಹಿಡಿದು ಹೊರಟಿತ್ತು. ಅವಳು ತಲೆ ಕೂಡ ಎತ್ತಿರಲಿಲ್ಲ. ನಾನು ಎದ್ದು ಹೋಗಿ ಆ ಫೋನನ್ನು ನಡುವಿನಲ್ಲೇ ತೆಗೆದುಕೊಂಡೆ.

"ಇದು ಅವಳದು," ಎಂದೆ. ನನ್ನ ದನಿ ಇಡೀ ಹಾಲಿಗೆ ಕೇಳಿಸಿತು. "ಏಳೇ, ಮನೆಗೆ ಹೋಗೋಣ."

ಅವಳು ಎದ್ದಳು. ಆತ ದಾರಿ ಬಿಟ್ಟು ನಿಂತ. "ಪ್ರಾರ್ಥನೆ ಮಾಡ್ತೀನಿ ಆಂಟಿ," ಎಂದ. ನಾವು ಹೊರಗೆ ಹೋದ ಮೇಲೆ ಹಾಲಿನೊಳಗೆ ಮೇಷ್ಟರ ಹೆಂಡತಿಯ ನಗು ಮತ್ತೆ ಕೇಳಿಸಿತು. ಆಮೇಲೆ ಅದೇ ನಗು ಇನ್ನೊಮ್ಮೆ.

ಮಾರನೆಯ ದಿನ ಮೂರನೆಯ ಪ್ರಕಟಣೆ ಓದಲಿಲ್ಲ. ಹುಡುಗಿ ಮದುವೆ ಬೇಡವೆಂದು ಅಮ್ಮನಿಗೂ ಸಭಾಪಾಲಕರಿಗೂ ತಾನೇ ಹೇಳಿದಳು. ಯಾಕೆಂದು ಸಭೆಗೆ ತಿಳಿಸುವುದು ಬೇಡ, ಎರಡು ಮನೆತನದ ಮಾನ ಎಂದು ಹಿರಿಯರು ತೀರ್ಮಾನಿಸಿದರು. ಎರಡು ಸಲ ಓದಿದ ಹೆಸರು ಮೂರನೆಯ ಸಲ ಓದದೇ ಹೋದರೆ ಜನ ಏನು ಅಂದುಕೊಳ್ಳುತ್ತಾರೆ? ಅಂದು ಎದ್ದು ನಿಂತು ಶೋಧನೆ ಇದೆ ಎಂದಿದ್ದಳಲ್ಲ, ಬಿದ್ದೇಬಿಟ್ಟಳು ಎಂದರು. ಅವಳ ಬಾಯಿಂದ ಬಂದ ಒಂದೇ ಒಂದು ಸಹಾಯದ ಕೂಗನ್ನು ಅವಳ ಮೇಲೆಯೇ ಸಾಕ್ಷಿಯಾಗಿ ತಿರುಗಿಸಿದರು. ಆತ ಮಾತ್ರ ಯಾರ ಬಗ್ಗೆಯೂ ಕೆಟ್ಟದ್ದು ಆಡಲಿಲ್ಲ. ಶನಿವಾರದ ಸಂಜೆಗಳು ನಡೆದವು. 'ದಾರಿ ತಪ್ಪಿದ ಒಬ್ಬ ಸಹೋದರಿ'ಗಾಗಿ ಹೆಸರು ಹೇಳದೆ ಪ್ರಾರ್ಥಿಸುತ್ತಿದ್ದನಂತೆ. ತಂಗಿ ನನ್ನ ಜೊತೆ ಮಾತು ಬಿಟ್ಟಳು, ಆಮೇಲೆ ಒಂದು ದಿನ ತಾನಾಗಿಯೇ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು.

ಹುಡುಗಿ ಈಗ ನನ್ನ ಜೊತೆಯೇ ಇದ್ದಾಳೆ. ನಗು ಮೆಲ್ಲಗೆ ವಾಪಸು ಬರುತ್ತಿದೆ. ಆದರೆ ಆಫೀಸಿನಿಂದ ಬಂದಾಗ ಇನ್ನೂ ಕೆಲವು ಸಲ ಫೋನನ್ನು ತೆರೆ ಮೇಲಾಗಿ ಮೇಜಿನ ಮೇಲಿಟ್ಟು, ಚೀಲದ ಬಾಯಿ ತೆರೆದಿಡುತ್ತಾಳೆ. ಅವಳು ಕೈ ತೊಳೆಯಲು ಹೋದಾಗ ನಾನು ಫೋನನ್ನು ಮಗುಚಿ ಹಾಕಿ, ಜಿಪ್ ಎಳೆದಿಡುತ್ತೇನೆ. ಇದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಕಳೆದ ಭಾನುವಾರ ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಸಭಾಪಾಲಕರು ಕನ್ನಡಕ ಹಾಕಿಕೊಂಡು ಒಂದು ಮದುವೆಯ ಪ್ರಕಟಣೆ ಓದಿದರು. ವರನ ಹೆಸರು ಆತನದು. ವಧು ಮಲ್ಲೇಶ್ವರದ ಕಡೆಯ ಸಭೆಯವಳು. ಅವತ್ತು ನಮ್ಮಲ್ಲಿಗೇ ಬಂದು ಆತನ ಪಕ್ಕದಲ್ಲಿ ಕೂತಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ತಲೆಗೆ ತೆಳು ನೀಲಿ ದುಪಟ್ಟಾ ಹೊದ್ದಿದ್ದಳು. ನಾನು ಅವಳ ಕೈ ನೋಡಿದೆ, ಕೈ ಖಾಲಿ. ಆತನ ತೊಡೆಯ ಮೇಲೆ ಎರಡು ಫೋನುಗಳಿದ್ದವು. ಅವಳ ಚೀಲ ಕಾಲ ಬಳಿ ಬಾಯಿ ತೆರೆದುಕೊಂಡು ಕೂತಿತ್ತು. ಪಕ್ಕದಲ್ಲಿದ್ದ ನಮ್ಮ ಹುಡುಗಿಯ ಕಡೆಗೆ ತಿರುಗಿದೆ. ಅವಳೂ ಅದನ್ನೇ ನೋಡುತ್ತಿದ್ದಳು.

"ಯಾರದಾದರೂ ತಕರಾರು ಇದ್ದರೆ ತಿಳಿಸಬೇಕು," ಎಂದು ಓದಿ, ಸಭಾಪಾಲಕರು ತಲೆ ಎತ್ತದೆಯೇ ಕೀರ್ತನೆಯ ನಂಬರು ಹೇಳಿದರು. ಆರ್ಗನ್ನು ಶುರುವಾಯಿತು. ಹಾಡಲೆಂದು ಇಡೀ ಸಭೆ ಎದ್ದು ನಿಂತಿತು. ನಮ್ಮ ಹುಡುಗಿ ಮಾತ್ರ ಕೂತೇ ಇದ್ದಳು. ಮೊದಲ ಚರಣ, ಎರಡನೆಯದು, ಮೂರನೆಯದು ಮುಗಿಯಿತು. ಆಮೆನ್ ಎಂದು ಎಲ್ಲರೂ ಕುಳಿತರು. ಆಗ ಅವಳು ಎದ್ದಳು. ಸಭಾಪಾಲಕರು ಕನ್ನಡಕದ ಮೇಲಿನಿಂದ ನೋಡಿದರು, ಆತ ಕತ್ತು ತಿರುಗಿಸಿದ, ಪಕ್ಕದ ನೀಲಿ ದುಪಟ್ಟಾದ ಹುಡುಗಿಯೂ ತಿರುಗಿದಳು.

"ಪಾಸ್ಟರ್," ಎಂದಳು ನಮ್ಮ ಹುಡುಗಿ, ಆ ಇನ್ನೊಬ್ಬ ಹುಡುಗಿಯ ಮುಖವನ್ನೇ ನೋಡುತ್ತಾ, "ಸ್ವಲ್ಪ ಹಿಂದಕ್ಕೆ ಹೋಗೋಣ. ನೀವು ಒಂದು ಪ್ರಶ್ನೆ ಕೇಳಿದ್ರಿ."